ದರ ನಿಗದಿ ಮಾಡುವ ಮೊದಲು ಒಮ್ಮೆ ಘಾಟಿ ಹತ್ತಿ ಬನ್ನಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ದಕ್ಷಿಣ ಕೊಡಗಿನ ಒಂದು ಸಣ್ಣ ಊರಿನ ನರ್ಸಿಂಗ್ ಹೋಮ್‌ನಲ್ಲಿ ಬಿಲ್ ಮಾಡುವವಳು. 15 ಹಾಸಿಗೆಯ ಆಸ್ಪತ್ರೆ ನಮ್ಮದು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾಯಿತಲ್ಲ, ಅದೇ ವರ್ಷ ನಾನು ಈ ಕೌಂಟರ್‌ನಲ್ಲಿ ಕೂತೆ. ಆಗ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬಿಲ್ ಬರೆಯುತ್ತಿದ್ದೆ. ಈಗ ಎರಡು ಕಂಪ್ಯೂಟರ್, ಒಂದು ಬೆರಳಚ್ಚಿನ ಮೆಷಿನ್, ನಾಲ್ಕೈದು ಪೋರ್ಟಲ್‌ಗಳ ಲಾಗಿನ್. ಆದರೆ ಕೌಂಟರಿನ ಆಚೆ ನಿಂತವರು ಕೇಳುವುದು ಅಂದೂ ಇಂದೂ ಒಂದೇ. "ಒಟ್ಟು ಎಷ್ಟಾಯ್ತು ಮೇಡಂ? ಕಾರ್ಡ್ ನಡೆಯುತ್ತಾ?" ಕಾರ್ಡ್ ಅಂದರೆ ಆರೋಗ್ಯ ಯೋಜನೆಯ ಕಾರ್ಡ್.

ಆಸ್ಪತ್ರೆ ಬಿಲ್‌ಗೆ ಹೊಸ ನಿಯಮ ಬರುವ ಮಾತು ಕೆಲವು ವರ್ಷಗಳಿಂದ ನಡೆಯುತ್ತಲೇ ಇದೆ. ದೇಶಕ್ಕೆಲ್ಲ ಒಂದೇ ನಮೂನೆಯ ಬಿಲ್. ಚಿಕಿತ್ಸೆಗೆ ಇಷ್ಟರಿಂದ ಇಷ್ಟು ಅಂತ ದರ. ಕ್ಯಾಶ್‌ಲೆಸ್‌ಗೆ, ಅಂದರೆ ರೋಗಿ ಕೈಯಿಂದ ಕಟ್ಟದೆ ವಿಮೆಯವರೇ ಬಿಲ್ ಕೊಡುವುದಕ್ಕೆ, ಗಂಟೆ ಲೆಕ್ಕದ ಗಡುವು. ಇದರ ಬಗ್ಗೆ ದೊಡ್ಡ ಆಸ್ಪತ್ರೆಯವರು ಮಾತಾಡುತ್ತಾರೆ, ವಿಮಾ ಕಂಪನಿಯವರು ಮಾತಾಡುತ್ತಾರೆ, ಟಿವಿಯಲ್ಲಿ ಚರ್ಚೆಯಾಗುತ್ತದೆ. ನಮ್ಮಂಥ ಊರಿನ ಆಸ್ಪತ್ರೆಯೊಳಗೆ ಜನ ಏನು ಅನ್ನುತ್ತಿದ್ದಾರೆ ಅಂತ ಯಾರೂ ಬಂದು ಕೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಒಂದೇ ನಮೂನೆಯ ಬಿಲ್ ಬರಲಿ, ಬೇಗ ಬರಲಿ. ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ಗುಣಮಟ್ಟ ನಿಗದಿ ಮಾಡುವ ಬಿಐಎಸ್ ಸಂಸ್ಥೆ ಸೇರಿ ಅಂಥದ್ದೊಂದು ನಮೂನೆ ಮಾಡುತ್ತಿವೆ ಅಂತ 2025ರಲ್ಲಿ ಸುದ್ದಿ ಬಂದಾಗ ನಮ್ಮಲ್ಲಿ ಕೆಲವರು ಮುಖ ಸಿಂಡರಿಸಿದರು. "ಇನ್ನೂ ಒಂದು ಫಾರಂ" ಅಂದರು. ನನಗೆ ಮಾತ್ರ ಸಂತೋಷವಾಯಿತು. ಯಾಕೆ ಅಂತ ಹೇಳುತ್ತೇನೆ.

ಸುಮಾರು ಎಂಟು ವರ್ಷದ ಹಿಂದಿನ ಮಾತು. ಸೇನೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಹೆಂಡತಿಯನ್ನು ನ್ಯುಮೋನಿಯಾ ಅಂತ ನಮ್ಮಲ್ಲಿ ಸೇರಿಸಿದ್ದರು. ಡಿಸ್ಚಾರ್ಜ್ ದಿನ ಬಿಲ್ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಜೇಬಿನಿಂದ ಪೆನ್ನು ತೆಗೆದು, ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಬಂದರು. ಬೆಡ್ ಚಾರ್ಜ್, ಟಿಕ್. ಡಾಕ್ಟರ್ ಫೀಸ್, ಟಿಕ್. ನೆಬ್ಯುಲೈಸರ್, ಟಿಕ್. ಕೊನೆಯಲ್ಲಿ 'ಇತರೆ: 1,850' ಅಂತ ಇತ್ತು. ಪೆನ್ನು ಅಲ್ಲೇ ನಿಂತಿತು. "ಇದು ಏನಮ್ಮಾ, ಇತರೆ ಅಂದ್ರೆ?" ಅಂದರು. ಜಗಳದ ದನಿಯಲ್ಲ. ಗೊತ್ತಾಗಬೇಕಿತ್ತು, ಅಷ್ಟೇ. ನನಗೆ ಗೊತ್ತಿರಲಿಲ್ಲ. ವಾರ್ಡಿನಿಂದ ಬಂದ ಚೀಟಿಯಲ್ಲಿ ಹಾಗೇ ಇತ್ತು, ನಾನು ಹಾಗೇ ಟೈಪ್ ಮಾಡಿದ್ದೆ. ಒಳಗೆ ಹೋಗಿ ಸಿಸ್ಟರನ್ನು ಕೇಳಿಕೊಂಡು ಬಂದೆ. ಗ್ಲೌಸ್, ಸಿರಿಂಜ್, ಮಾಸ್ಕ್, ಆಕ್ಸಿಜನ್ ಟ್ಯೂಬ್. ಎಲ್ಲ ಬರೆದು ಕೂಡಿದರೆ 1,610 ಆಯಿತು. ಉಳಿದ 240 ರೂಪಾಯಿ ಯಾವುದಕ್ಕೆ ಅಂತ ಯಾರಿಗೂ ಹೇಳಲು ಬರಲಿಲ್ಲ. ಅವರು ಏನೂ ಅನ್ನಲಿಲ್ಲ, ಕಾದು ನಿಂತರು. 240 ತೆಗೆದು ಬೇರೆ ಬಿಲ್ ಮಾಡಿಕೊಟ್ಟೆ. ಅವತ್ತಿನಿಂದ ನನ್ನ ಬಿಲ್‌ನಲ್ಲಿ 'ಇತರೆ' ಅನ್ನುವ ಸಾಲೇ ಇಲ್ಲ.

ಆ ಹಿರಿಯರಿಗೆ ಓದಲು ಬರುತ್ತಿತ್ತು, ಕೇಳುವ ಧೈರ್ಯವಿತ್ತು. ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಹೆಣ್ಣುಮಗಳಿಗೆ ಎರಡೂ ಇರುವುದಿಲ್ಲ. ಹಾಗಾಗಿ ಹೊಸ ನಮೂನೆ ಕನ್ನಡದಲ್ಲೂ ಇರಲೇಬೇಕು. ನಮ್ಮ ವಾರ್ಡಿನಲ್ಲಿ ಒಂದೇ ದಿನ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು ಎಲ್ಲ ಕೇಳುತ್ತದೆ. ಇವರೆಲ್ಲರ ಮಕ್ಕಳು ಶಾಲೆಯಲ್ಲಿ ಕಲಿತದ್ದು ಕನ್ನಡ. ಅಮ್ಮನಿಗೆ ಓದಲು ಬರದಿದ್ದರೂ ಐದನೇ ಕ್ಲಾಸಿನ ಮಗಳು ಓದಿ ಹೇಳುತ್ತಾಳೆ. ಬಿಲ್ ಇಂಗ್ಲಿಷ್‌ನಲ್ಲಿ ಮಾತ್ರ ಇದ್ದರೆ ಆ ಮಗಳೂ ಸುಮ್ನೆ ನಿಲ್ಲಬೇಕಾಗುತ್ತದೆ.

ಇನ್ನು ದರದ ವಿಷಯ. ಇಲ್ಲಿ ನಮ್ಮವರಲ್ಲೇ ಎರಡು ಅಭಿಪ್ರಾಯ ಇದೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇರುವ ಕೇಂದ್ರದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯ 2012ರ ನಿಯಮಗಳಲ್ಲಿ, ರಾಜ್ಯಗಳ ಜೊತೆ ಮಾತಾಡಿ ಕೇಂದ್ರ ಸರ್ಕಾರ ನಿಗದಿ ಮಾಡಿದ ದರದ ಮಿತಿಯೊಳಗೇ ಆಸ್ಪತ್ರೆಗಳು ಹಣ ಪಡೆಯಬೇಕು ಅಂತ ಇದೆ. ವರ್ಷಗಟ್ಟಲೆ ಕಳೆದರೂ ಆ ದರ ನಿಗದಿಯಾಗಲೇ ಇಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಕೇಳಿತು. ಕಣ್ಣಿನ ಪೊರೆಯ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯಲ್ಲಿ 10,000 ರೂಪಾಯಿವರೆಗೆ ಆದರೆ ಖಾಸಗಿಯಲ್ಲಿ 30,000ದಿಂದ 1,40,000 ರೂಪಾಯಿವರೆಗೆ ಆಗುತ್ತದೆ ಅಂತ ಅರ್ಜಿದಾರರು ಹೇಳಿದ್ದರು. ನೀವು ದರ ನಿಗದಿ ಮಾಡದಿದ್ದರೆ ಸದ್ಯಕ್ಕೆ ಸಿಜಿಎಚ್‌ಎಸ್ ದರವನ್ನೇ, ಅಂದರೆ ಕೇಂದ್ರ ಸರ್ಕಾರಿ ನೌಕರರ ಯೋಜನೆಯ ದರವನ್ನೇ, ಜಾರಿ ಮಾಡುವ ಬಗ್ಗೆ ಯೋಚಿಸುತ್ತೇವೆ ಅಂತ ಕೋರ್ಟ್ ಎಚ್ಚರಿಸಿತು.

ಕರ್ನಾಟಕ ಆ ಕೇಂದ್ರ ಕಾಯ್ದೆಯನ್ನು ಒಪ್ಪಿಕೊಂಡಿಲ್ಲ. ನಮಗೆ ಖಾಸಗಿ ಆಸ್ಪತ್ರೆಗಳಿಗಾಗಿ ನಮ್ಮದೇ 2007ರ ಕೆಪಿಎಂಇ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರಲು ಹೊರಟಾಗ ಏನಾಯಿತು ಅಂತ ನಿಮಗೂ ನೆನಪಿರುತ್ತದೆ. ಖಾಸಗಿ ಆಸ್ಪತ್ರೆಯ ದರವನ್ನು ಸರ್ಕಾರವೇ ನಿಗದಿ ಮಾಡುವ ಮಾತು ಮಸೂದೆಯಲ್ಲಿತ್ತು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ಡಾಕ್ಟರುಗಳು ಬೀದಿಗಿಳಿದರು, ಹೊರರೋಗಿ ವಿಭಾಗ ಮುಚ್ಚಿದರು. ಕೊನೆಗೆ ಮಸೂದೆ ಸಡಿಲವಾಗಿ ಪಾಸಾಯಿತು. ಆ ಮುಷ್ಕರದ ದಿನ ನಾನೂ ಕೌಂಟರಿನಲ್ಲಿದ್ದೆ, ಅರ್ಧ ಶಟರ್ ಎಳೆದುಕೊಂಡು. ತೋಟದ ಜೀಪಿನಲ್ಲಿ ಒಬ್ಬಳು ಜ್ವರದ ಮಗು ಎತ್ತಿಕೊಂಡು ಬಂದಳು. ಇವತ್ತು ನೋಡುವುದಿಲ್ಲ ಅಂತ ಹೇಳಿದ್ದು ನಾನೇ. ಅವಳು ಒಂದು ಮಾತೂ ಆಡದೆ ಜೀಪು ಹತ್ತಿದಳು. ಅವತ್ತು ನಾವು ಬಾಗಿಲು ಹಾಕಿದ್ದು ತಪ್ಪು. ಇದನ್ನು ನಮ್ಮ ಡಾಕ್ಟರ್ ಎದುರಿಗೂ ಹೇಳಿದ್ದೇನೆ, ಅವರೂ ಇಲ್ಲ ಅನ್ನಲಿಲ್ಲ.

ಹೀಗಾಗಿ ದರಕ್ಕೆ ಮಿತಿಯೇ ಬೇಡ ಅನ್ನುವವಳು ನಾನಲ್ಲ. ಒಂದೇ ಆಪರೇಷನ್‌ಗೆ ಒಂದು ಕಡೆ ಮೂವತ್ತು ಸಾವಿರ, ಇನ್ನೊಂದು ಕಡೆ ಒಂದು ಲಕ್ಷದ ನಲವತ್ತು ಸಾವಿರ ಅಂದರೆ ಜನ ಯಾರನ್ನು ನಂಬಬೇಕು? ನಮ್ಮ ಹಿರಿಯ ಡಾಕ್ಟರ್ ಕೂಡ ಇದೇ ಹೇಳುತ್ತಾರೆ. "ದರ ಹಾಕಲಿ, ಆದರೆ ಎಲ್ಲಿ ಕೂತು ಹಾಕುತ್ತಾರೆ ಅನ್ನೋದು ಮುಖ್ಯ" ಅಂತಾರೆ. ವಾರಕ್ಕೆ ಎರಡು ದಿನ ಬರುವ ಮೂಳೆ ಡಾಕ್ಟರಿಗೆ ಮಾತ್ರ ಸಿಟ್ಟು. ಹೀಗೇ ಆದರೆ ಮೈಸೂರಿನಲ್ಲೇ ಇದ್ದುಬಿಡುತ್ತೇನೆ ಅಂತಾರೆ. ಅವರು ಸುಮ್ನೆ ಹೇಳುವವರಲ್ಲ.

ಅವರ ಸಿಟ್ಟಿಗೆ ಕಾರಣ ಇದೆ. 2025ರ ಅಕ್ಟೋಬರ್ 13ರಿಂದ ಸಿಜಿಎಚ್‌ಎಸ್‌ನ ಹೊಸ ದರ ಬಂತು. ಬಹಳ ವರ್ಷದ ಮೇಲೆ ದರ ಪರಿಷ್ಕರಣೆ ಆಯಿತು, ಸಂತೋಷ. ಆದರೆ ಅದರಲ್ಲಿ ಊರುಗಳನ್ನು ಮೂರು ದರ್ಜೆ ಮಾಡಿದ್ದಾರೆ. ಬೆಂಗಳೂರು ಮೊದಲನೆಯದು. ಮೈಸೂರು, ಮಂಗಳೂರು ಎರಡನೆಯದು. ನಮ್ಮ ಮಡಿಕೇರಿ, ವಿರಾಜಪೇಟೆಯಂಥ ಊರು ಮೂರನೆಯದು. ಮೂರನೇ ದರ್ಜೆಗೆ ಮೊದಲನೆಯದಕ್ಕಿಂತ 20 ಶೇಕಡಾ ಕಡಿಮೆ. ಎನ್‌ಎಬಿಎಚ್, ಅಂದರೆ ಗುಣಮಟ್ಟದ ಮಾನ್ಯತೆ ಇಲ್ಲದ ಆಸ್ಪತ್ರೆಗೆ ಇನ್ನೂ 15 ಶೇಕಡಾ ಕಡಿಮೆ. ನಾನು ಲೆಕ್ಕದವಳು, ಕೂಡಿ ಕಳೆದು ನೋಡಿದೆ. ಬೆಂಗಳೂರಿನ ಮಾನ್ಯತೆ ಇರುವ ಆಸ್ಪತ್ರೆಗೆ 100 ರೂಪಾಯಿ ಸಿಗುವ ಕೆಲಸಕ್ಕೆ ನಮ್ಮಂಥವರಿಗೆ ಹೆಚ್ಚುಕಡಿಮೆ 68 ರೂಪಾಯಿ.

ಇದು ಕೇಂದ್ರ ನೌಕರರಿಗಲ್ಲವಾ, ಕೊಡಗಿಗೆ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಇದು ಕಾರ್ಯಪ್ಪನವರ, ತಿಮ್ಮಯ್ಯನವರ ನಾಡು. ಯಾವ ಊರಿಗೆ ಹೋದರೂ ಸೇನೆಯಲ್ಲಿದ್ದು ಬಂದವರು ಸಿಗುತ್ತಾರೆ. ಅವರ ಚಿಕಿತ್ಸೆಗಿರುವ ಇಸಿಎಚ್‌ಎಸ್ ಯೋಜನೆ ನಡೆಯುವುದು ಸಿಜಿಎಚ್‌ಎಸ್ ದರದ ಮೇಲೇ. ನಾಳೆ ಕೋರ್ಟಿನ ಮಾತಿನಂತೆ ಈ ದರವೇ ಎಲ್ಲರಿಗೂ ಅಂತಾದರೆ ಅಥವಾ ನಮ್ಮ ರಾಜ್ಯವೂ ಇದೇ ಲೆಕ್ಕವನ್ನು ಎತ್ತಿಕೊಂಡರೆ, ಏಟು ಬೀಳುವುದು ಇಲ್ಲಿಗೇ.

ಊರು ಸಣ್ಣದು, ಹಾಗಾಗಿ ಖರ್ಚೂ ಸಣ್ಣದು. ಈ ದರ್ಜೆಯ ಹಿಂದಿರುವ ಲೆಕ್ಕ ಇಷ್ಟೇ ಅಲ್ವಾ? ಬಾಡಿಗೆಯ ಮಟ್ಟಿಗೆ ಒಪ್ಪುತ್ತೇನೆ. ನಮ್ಮ ಊರಿನ ಬಾಡಿಗೆ ಬೆಂಗಳೂರಿನಷ್ಟಿಲ್ಲ. ಆದರೆ ಆಸ್ಪತ್ರೆ ನಡೆಯುವುದು ಬಾಡಿಗೆಯ ಮೇಲಲ್ಲ.

ಕಕ್ಕಡ ತಿಂಗಳಲ್ಲಿ ಒಂದು ಸಲ ಬಂದು ನೋಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಆಕಾಶ ಕಾಣುವುದಿಲ್ಲ. ಗಾಳಿಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಬರುವುದು ಎರಡು ದಿನಕ್ಕೋ ಮೂರು ದಿನಕ್ಕೋ. ಅಷ್ಟೂ ಹೊತ್ತು ಜನರೇಟರ್ ಓಡಬೇಕು. ಲೈಟಿಗಾಗಿ ಅಲ್ಲ, ಫ್ರಿಜ್ಜಿಗಾಗಿ, ಆಕ್ಸಿಜನ್ ಮೆಷಿನ್‌ಗಾಗಿ, ಹೆರಿಗೆ ಕೋಣೆಗಾಗಿ. ಬಿಲ್‌ನಲ್ಲಿ ಡೀಸೆಲ್‌ಗೆ ಸಾಲೇ ಇಲ್ಲ, ಒಂದು ಚಿಕಿತ್ಸೆಗೆ ಒಟ್ಟು ಇಷ್ಟು ಅಂತ ಯೋಜನೆಯವರು ಕೊಡುವ ಯಾವ ಪ್ಯಾಕೇಜ್‌ನಲ್ಲೂ ಇಲ್ಲ. ಆಕ್ಸಿಜನ್ ಸಿಲಿಂಡರ್ ಬರುವುದು ಘಾಟಿ ಕೆಳಗಿನಿಂದ, ಖಾಲಿಯಾದದ್ದು ಹೋಗುವುದೂ ಅಲ್ಲಿಗೇ. ಅರಿವಳಿಕೆ ಕೊಡುವ ಡಾಕ್ಟರ್ ನಮ್ಮೂರಲ್ಲಿ ಇಲ್ಲ. ಒಂದು ಸಿಸೇರಿಯನ್‌ಗಾಗಿ ಅವರು ರಾತ್ರಿ ಕಾರು ಮಾಡಿಕೊಂಡು ಬರಬೇಕು. ಊರು ಮೂರನೇ ದರ್ಜೆ ಅಂತ ಅವರು ಫೀಸಿನಲ್ಲಿ 20 ಶೇಕಡಾ ಬಿಟ್ಟುಕೊಡುವುದಿಲ್ಲ. ಯಾಕೆ ಬಿಡಬೇಕು? ನಿದ್ದೆಗೆಟ್ಟು ಆನೆ ಓಡಾಡುವ ದಾರಿಯಲ್ಲಿ ಬರುವವರು ಅವರು.

ನಮ್ಮ ಲ್ಯಾಬ್ ನೋಡಿಕೊಳ್ಳುವ ಹುಡುಗಿ ಮೊನ್ನೆ ಒಂದು ಪೆಟ್ಟಿಗೆ ತಂದು ನನ್ನ ಟೇಬಲ್ ಮೇಲಿಟ್ಟಳು. ಹೃದಯಾಘಾತ ಹೌದೋ ಅಲ್ಲವೋ ಅಂತ ರಕ್ತದಲ್ಲಿ ನೋಡುವ ಟ್ರೋಪೊನಿನ್ ಕಿಟ್. ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಇತ್ತು, ತಾರೀಖು ಮುಗಿದಿತ್ತು. "ಅಕ್ಕ, ಇದನ್ನು ಯಾವ ಲೆಕ್ಕಕ್ಕೆ ಬರೀಲಿ?" ಅಂದಳು. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಅಂಥ ಪೆಟ್ಟಿಗೆ ಬೇಗ ಖಾಲಿಯಾಗುತ್ತದೆ. ನಮ್ಮಲ್ಲಿ ತಿಂಗಳಿಗೆ ನಾಲ್ಕೋ ಐದೋ. ಹಾಗಂತ ತರಿಸದೆ ಇರಲು ಆಗುತ್ತದಾ? ಎದೆನೋವು ಅಂತ ರಾತ್ರಿ ಎರಡು ಗಂಟೆಗೆ ಬಂದವನಿಗೆ ಅದು ಆಗಲೇ ಬೇಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೂಡ ಹಾಗೇ. ಹಾವಿನ ವಿಷಕ್ಕೆ ಕೊಡುವ ಔಷಧಿಯೂ ಹಾಗೇ. ಇರಲೇಬೇಕು, ಆದರೆ ಬಳಸುವ ಪ್ರಸಂಗ ಬರದಿರಲಿ ಅಂತ ಕೈಮುಗಿಯುವ ವಸ್ತು ಇವು. ಬಳಸದೆ ಎಸೆದದ್ದಕ್ಕೆ ಯಾರಿಗೆ ಬಿಲ್ ಮಾಡಲಿ?

ಇಷ್ಟೆಲ್ಲ ಯಾಕೆ ಇಟ್ಟುಕೊಳ್ಳಬೇಕು, ದೊಡ್ಡ ಆಸ್ಪತ್ರೆಗೆ ಕಳಿಸಿ ಅನ್ನಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಸುಮಾರು 140, ಅದೂ ಸಂಪಾಜೆ ಘಾಟಿ ಇಳಿದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. 2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಯಿತು, ಅದರಿಂದ ನಿಜವಾಗಿ ಉಪಕಾರ ಆಗಿದೆ. ಆದರೂ 2019ರಲ್ಲಿ ಕೊಡಗಿನ ಹುಡುಗರು ಹುಡುಗಿಯರು ನಮಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಅಭಿಯಾನ ಮಾಡಬೇಕಾಯಿತು. ದಾರಿಯಲ್ಲೇ ಜೀವ ಹೋದವರು ಇಲ್ಲಿ ಪ್ರತಿ ಮನೆತನದಲ್ಲೂ ಒಬ್ಬರಾದರೂ ಇದ್ದಾರೆ. ಆ 120 ಕಿಲೋಮೀಟರಿನ ಮೊದಲ ನಿಲ್ದಾಣ ನಮ್ಮಂಥ ಸಣ್ಣ ಆಸ್ಪತ್ರೆ. ಇಲ್ಲಿ ಬಿಪಿ ಹತೋಟಿಗೆ ತಂದು, ಉಸಿರು ಸರಿ ಮಾಡಿ, ಆಮೇಲೆ ಆಂಬುಲೆನ್ಸ್ ಹತ್ತಿಸುತ್ತೇವೆ. ಆ ಎರಡು ಗಂಟೆಯ ಕೆಲಸಕ್ಕೆ ಎಷ್ಟೋ ಯೋಜನೆಗಳಲ್ಲಿ ನಮಗೆ ಪ್ಯಾಕೇಜ್ ಇಲ್ಲ. ಆಪರೇಷನ್ ಮಾಡಿದವರಿಗೆ ಹಣ ಬರುತ್ತದೆ, ಅಲ್ಲಿವರೆಗೆ ಜೀವ ಉಳಿಸಿ ಕಳಿಸಿದವರಿಗೆ ಬರುವುದಿಲ್ಲ.

ದರಕ್ಕಿಂತ ದೊಡ್ಡ ವಿಷಯ ಒಂದಿದೆ. ನಮ್ಮಲ್ಲಿ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರೂ ಹೇಳಿದ್ದು ಅದನ್ನೇ. ನಮಗೆ ಕೊಡಬೇಕಾದ ಹಣ ಯಾವತ್ತು ಕೊಡುತ್ತೀರಿ?

ಹೊಸ ನಿಯಮಗಳು ಆಸ್ಪತ್ರೆಗೆ ಗಡುವು ಹಾಕುತ್ತವೆ, ರೋಗಿಗೆ ಅನುಕೂಲ ಮಾಡುತ್ತವೆ. ಒಳ್ಳೆಯದೇ. 2024ರ ಮೇ ತಿಂಗಳಲ್ಲಿ ವಿಮೆಯ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ ವಿಮಾ ಕಂಪನಿಗಳಿಗೂ ಗಡುವು ಹಾಕಿತು. ಕ್ಯಾಶ್‌ಲೆಸ್ ಕೇಳಿದರೆ ಒಂದು ಗಂಟೆಯಲ್ಲಿ ಉತ್ತರ, ಡಿಸ್ಚಾರ್ಜ್ ಬಿಲ್‌ಗೆ ಮೂರು ಗಂಟೆಯಲ್ಲಿ ಒಪ್ಪಿಗೆ. ತಡವಾಗಿ ಜಾಸ್ತಿ ಖರ್ಚಾದರೆ ಅದನ್ನು ಕಂಪನಿಯೇ ಭರಿಸಬೇಕು. ಓದಿ ಖುಷಿಪಟ್ಟೆ. ಆ ಮೂರು ಗಂಟೆ ಇಲ್ಲಿಯ ಜನಕ್ಕೆ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಬಿಲ್ ಕಳಿಸಿ ಸಂಜೆ ಐದಾದರೂ ಒಪ್ಪಿಗೆ ಬಾರದೆ, ಕೇರಳ ಗಡಿಯ ಕುಟ್ಟ ಕಡೆಯ ಕೊನೆ ಬಸ್ಸು ತಪ್ಪಿ, ಬಾಣಂತಿಯನ್ನು ಇನ್ನೊಂದು ರಾತ್ರಿ ನಮ್ಮಲ್ಲೇ ಮಲಗಿಸಿದ ದಿನಗಳಿವೆ. ಆ ರಾತ್ರಿಯ ಬೆಡ್ ಚಾರ್ಜ್ ಯಾರೂ ಕೊಟ್ಟಿಲ್ಲ. ನಾವು ಅವಳಿಂದ ಕೇಳಲೂ ಇಲ್ಲ.

ಆದರೆ ಒಪ್ಪಿಗೆ ಬೇರೆ, ಹಣ ಬೇರೆ. ಆಯುಷ್ಮಾನ್ ಭಾರತ್‌ನಲ್ಲಿ ಕ್ಲೈಮ್, ಅಂದರೆ ಚಿಕಿತ್ಸೆಯ ಹಣಕ್ಕೆ ಅರ್ಜಿ, ಹಾಕಿದ 15 ದಿನದಲ್ಲಿ, ಬೇರೆ ರಾಜ್ಯದ ಕಾರ್ಡಾದರೆ 30 ದಿನದಲ್ಲಿ ಹಣ ಪಾವತಿಯಾಗಬೇಕು ಅಂತ ಮಾರ್ಗಸೂಚಿ ಇದೆ. ಮಾರ್ಗಸೂಚಿ ಅಂದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಇದ್ದಂತೆ. ತಾರೀಖು ತೋರಿಸುತ್ತದೆ, ದುಡ್ಡು ತರುವುದಿಲ್ಲ. ಯಾವ ಯೋಜನೆ, ಯಾವ ಕಂಪನಿ ಅಂತ ಇಲ್ಲಿ ಹೆಸರು ಹೇಳಲು ಹೋಗುವುದಿಲ್ಲ. ನನ್ನ ಹಿಂದಿನ ಕಪಾಟಿನಲ್ಲಿ ಹಸಿರು ದಾರ ಕಟ್ಟಿದ ಫೈಲುಗಳಿವೆ. ಒಂದು ವರ್ಷ ದಾಟಿದ್ದಕ್ಕೆ ನಾನು ಹಸಿರು ದಾರ ಕಟ್ಟುತ್ತೇನೆ. ಕಳೆದ ಸಲ ಮಳೆಗೆ ಕಪಾಟಿನ ಕೆಳಸಾಲಿಗೆ ತೇವ ಬಂದಾಗ ಅವನ್ನೆಲ್ಲ ತೆಗೆದು ವರಾಂಡದಲ್ಲಿ ಹರಡಿ ಫ್ಯಾನ್ ಹಾಕಿ ಒಣಗಿಸಿದೆ. ವರಾಂಡ ಸಾಲಲಿಲ್ಲ.

ನಮಗೆ ಔಷಧಿ ಕೊಡುವ ಮೈಸೂರಿನ ಡಿಸ್ಟ್ರಿಬ್ಯೂಟರ್ 30ನೇ ದಿನ ಫೋನ್ ಮಾಡುತ್ತಾರೆ. ಸಿಸ್ಟರ್‌ಗಳಿಗೆ ಒಂದನೇ ತಾರೀಖು ಸಂಬಳ ಆಗಬೇಕು. ಎರಡು ವರ್ಷ ನಮ್ಮಲ್ಲಿ ಕಲಿತ ಹುಡುಗಿ ಬೆಂಗಳೂರಿಗೋ ಗಲ್ಫಿಗೋ ಹೊರಟರೆ ತಡೆಯಲು ನಮ್ಮ ಹತ್ತಿರ ಏನಿದೆ? ಒಂದು ವರ್ಷವಂತೂ ಸತತ ಮೂರು ತಿಂಗಳ ಕಾಲ ಯಾವ ಕ್ಲೈಮ್ ಹಣವೂ ಬರಲಿಲ್ಲ. ಆ ವರ್ಷ ನಮ್ಮ ಡಾಕ್ಟರ್ ಮನೆಯ ಕಾಫಿಯನ್ನು, ದರ ಏರುವವರೆಗೂ ಕಾಯದೆ, ಬಂದ ಬೆಲೆಗೆ ಮಾರಿ ನಮಗೆ ಸಂಬಳ ಕೊಟ್ಟರು. ಅದು ಅವರು ಯಾರಿಗೂ ಹೇಳಿಕೊಳ್ಳದ ವಿಷಯ. ನಾನು ಕೇಳಿಯೇ ಬರೆಯುತ್ತಿದ್ದೇನೆ. ತೋಟ ಇಲ್ಲದ ಡಾಕ್ಟರ್ ಏನು ಮಾಡಬೇಕಿತ್ತು?

ಕಾಫಿ ಮಾತು ಬಂತು, ಅದರಿಂದಲೇ ಒಂದು ಹೇಳುತ್ತೇನೆ. ನಾವು ಕಾಫಿ ಚೆರಿ ಮಾರಲು ಹೋದಾಗ ವ್ಯಾಪಾರಿ ಔಟ್‌ಟರ್ನ್ ನೋಡುತ್ತಾನೆ. ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ನಮ್ಮ ಎದುರಿಗೇ ತಕ್ಕಡಿಗೆ ಹಾಕುತ್ತಾನೆ. ಬೇಳೆ ಕಡಿಮೆ ಬಂದರೆ ದರ ಕಡಿಮೆ, ತೇವ ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಬೇಜಾರಾಗುತ್ತದೆ, ಆದರೆ ಯಾಕೆ ಕಡಿಮೆಯಾಯಿತು ಅಂತ ಗೊತ್ತಿರುತ್ತದೆ. ಒಪ್ಪಿಗೆಯಾಗದಿದ್ದರೆ ಮೂಟೆ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಬಹುದು. ಕ್ಲೈಮ್‌ನಲ್ಲಿ ಹಾಗಿಲ್ಲ. ಮೊದಲು ಒಂದು ಕ್ವೆರಿ ಬರುತ್ತದೆ. ಫೋಟೋ ಸ್ಪಷ್ಟವಿಲ್ಲ ಅಂತ. ಕಳಿಸುತ್ತೇವೆ. ಹದಿನೈದು ದಿನ ಬಿಟ್ಟು ಇನ್ನೊಂದು, ಡಿಸ್ಚಾರ್ಜ್ ಸಮ್ಮರಿಯಲ್ಲಿ ಸಮಯ ಬರೆದಿಲ್ಲ ಅಂತ. ಬರೆದು ಕಳಿಸುತ್ತೇವೆ. ಆಮೇಲೆ ಮೌನ. ಒಂದು ದಿನ ಬ್ಯಾಂಕಿಗೆ ಹಣ ಬೀಳುತ್ತದೆ, 40,000ಕ್ಕೆ 31,000. ಉಳಿದ 9,000 ಯಾಕೆ ಕಟ್ ಆಯಿತು ಅಂದರೆ ಪೋರ್ಟಲ್‌ನಲ್ಲಿ ಒಂದು ಕೋಡ್ ಇರುತ್ತದೆ, ಅಷ್ಟೇ. ಹವಾಲ್ದಾರರು ನನಗೆ ಕೇಳಿದ ಪ್ರಶ್ನೆಯನ್ನು ನಾನು ಅಲ್ಲಿ ಯಾರಿಗೆ ಕೇಳಲಿ? ಒಂದೇ ನಮೂನೆಯ ಬಿಲ್ ನಾವು ಕೊಡುತ್ತೇವೆ. ಕಟ್ ಮಾಡುವವರೂ ಒಂದೇ ನಮೂನೆಯಲ್ಲಿ, ಸಾಲು ಸಾಲಾಗಿ, ಕನ್ನಡದಲ್ಲಿ, ಕಾರಣ ಬರೆದು ಕೊಡಲಿ.

ಸಣ್ಣ ಉದ್ಯಮದವರಿಗೆ ಕೊಳ್ಳುವವರಿಂದ ಹಣ ಸಿಗಲು 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದ ಗಡುವು ಇದೆ. ಅದಕ್ಕಿಂತ ತಡವಾದರೆ ಕೊಳ್ಳುವವನು ಬಡ್ಡಿ ಸೇರಿಸಿ ಕೊಡಬೇಕು. ಬೋಲ್ಟು ನಟ್ಟು ಮಾಡುವವರಿಗೆ ಇರುವ ಈ ಧೈರ್ಯ, ಸರ್ಕಾರದ ಕಾರ್ಡ್ ಹಿಡಿದು ಬಂದವರಿಗೆ ಹೆರಿಗೆ ಮಾಡಿಸಿದ ಆಸ್ಪತ್ರೆಗೂ ಇರಲಿ. ಯೋಜನೆಯ ಒಪ್ಪಂದದಲ್ಲೇ ದಿನ ಬರೆದಿರಲಿ, ದಿನ ದಾಟಿದರೆ ಬಡ್ಡಿ ತಾನಾಗಿ ಸೇರಲಿ. ಅರ್ಜಿ ಹಾಕಿ ಕೇಳಬೇಕಾದ ಬಡ್ಡಿಯನ್ನು ಯಾವ ಸಣ್ಣ ಆಸ್ಪತ್ರೆಯೂ ಕೇಳುವುದಿಲ್ಲ. ಕೇಳಿದರೆ ಮುಂದಿನ ಕ್ಲೈಮ್ ನಿಲ್ಲುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ.

ಇನ್ನೊಂದು ಪ್ರಸಂಗ ಹೇಳದೆ ಪತ್ರ ಮುಗಿಸಲು ಮನಸ್ಸಿಲ್ಲ.

ಫೆಬ್ರವರಿ ಕೊನೆ, ಮೆಣಸು ಕುಯ್ಯುವ ಸಮಯ. ಅಸ್ಸಾಂ ಕಡೆಯ ಒಬ್ಬ ಹುಡುಗ ಬಿದಿರಿನ ಏಣಿಯಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡ. ತೋಟದ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲಿ ಹಾಕಿಕೊಂಡು ಬಂದರು. ಹುಡುಗನ ಜೇಬಿನಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ ಕಾರ್ಡ್ ಇತ್ತು. ಬೆರಳಚ್ಚು ಕೊಟ್ಟರೆ ಗುರುತು ಸಿಗಬೇಕು. ಸಿಗಲಿಲ್ಲ. ಮೂರು ತಿಂಗಳು ಕಾಫಿ ಕುಯ್ದು, ಆಮೇಲೆ ಮೆಣಸು ಕುಯ್ದು, ಬೆರಳ ತುದಿಯ ಗೆರೆಗಳೇ ಸವೆದಿದ್ದವು, ಕಪ್ಪಾಗಿದ್ದವು. ಬಿಸಿನೀರು ತಂದು ಕೈ ತೊಳೆಸಿದೆ. ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿದೆ. ಹತ್ತು ಬೆರಳೂ ಒಂದೊಂದಾಗಿ ಮೆಷಿನ್ ಮೇಲೆ ಇಟ್ಟು ನೋಡಿದೆ. ಪ್ರತಿ ಸಲ ಕೆಂಪು ದೀಪ. ನಾನು ಕೈ ಹಿಡಿದಾಗಲೆಲ್ಲ ಅವನು ನೋವಿಗೆ ಹಲ್ಲು ಕಚ್ಚುತ್ತಿದ್ದ, ಆದರೆ ಕೈ ಎಳೆದುಕೊಳ್ಳಲಿಲ್ಲ. ತಾನೇ ಏನೋ ತಪ್ಪು ಮಾಡಿದವನಂತೆ "ಸಾರಿ ದೀದಿ, ಸಾರಿ ದೀದಿ" ಅನ್ನುತ್ತಿದ್ದ. ಓಟಿಪಿ ಹೋಗುವುದು ಊರಲ್ಲಿರುವ ಅಣ್ಣನ ಫೋನಿಗೆ, ಅದು ಸ್ವಿಚ್ ಆಫ್. ರಾತ್ರಿ ಒಂಬತ್ತಕ್ಕೆ ಅಣ್ಣ ಸಿಕ್ಕಿದ. ಅಷ್ಟರಲ್ಲಿ ಡಾಕ್ಟರ್ ನೋವಿನ ಇಂಜೆಕ್ಷನ್ ಕೊಟ್ಟು, ಕಾಲು ಕಟ್ಟಿ, ಮಲಗಿಸಿ ಆಗಿತ್ತು. ಮರುದಿನ ರಾಡ್ ಹಾಕಿದರು.

ಆ ಕ್ಲೈಮ್ ವಾಪಸ್ ಬಂತು. ಗುರುತು ದೃಢಪಡಿಸುವ ಮೊದಲೇ ಚಿಕಿತ್ಸೆ ಶುರುವಾಗಿದೆ ಅನ್ನುವುದು ಕಾರಣ. ತುರ್ತಿನಲ್ಲಿ ಮುಂಗಡ ಹಣ ಕೇಳಬೇಡಿ, ಮೊದಲು ಚಿಕಿತ್ಸೆ ಕೊಡಿ ಅಂತ 2017ರ ತಿದ್ದುಪಡಿಯೇ ನಮಗೆ ಹೇಳಿದೆ. ಅದನ್ನು ನಾವು ಮನಸಾರೆ ಒಪ್ಪಿದ್ದೇವೆ. ಹಾಗಾದರೆ ಹಣ ಕೊಡುವವರ ನಿಯಮವೂ ಅದೇ ದಾರಿಯಲ್ಲಿ ಇರಬೇಕಲ್ವಾ? ಹೊಸ ನಿಯಮ ಬರೆಯುವವರು ಒಂದು ಸಾಲು ಸೇರಿಸಲಿ. ತುರ್ತಿನಲ್ಲಿ ಗುರುತಿಗೆ ಮೂರು ದಿನ ಟೈಮ್ ಇರಲಿ. ಬೆರಳು ಸವೆದವರಿಗೆ ಬೇರೆ ದಾರಿ ಇರಲಿ. ಈ ಜಿಲ್ಲೆಯ ಕಾಫಿ, ಮೆಣಸು ಎಲ್ಲ ಇಳಿಯುವುದು ಆ ಬೆರಳುಗಳಿಂದಲೇ.

ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆಯೂ ಒಂದು ಮಾತು. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪಡೆದು ಖಾಸಗಿಗೆ ಬರಬೇಕು. ಸರ್ಕಾರಿ ಆಸ್ಪತ್ರೆ ಬೆಳೆಯಬೇಕು ಅನ್ನುವ ಉದ್ದೇಶ ಅರ್ಥವಾಗುತ್ತದೆ. ಆದರೆ ಕುಟ್ಟದವರು ಒಂದು ಚೀಟಿಗಾಗಿ ಮಡಿಕೇರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ರೆಫರಲ್ ಅನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಫೋನಿನಲ್ಲೇ ಮಾತಾಡಿ ಆನ್‌ಲೈನ್‌ನಲ್ಲಿ ಕೊಡುವಂತೆ ಎಲ್ಲ ಕಾಯಿಲೆಗೂ ಆಗಲಿ.

ನಾವು ಕೇಳುವುದು ಬೆಂಗಳೂರಿನ ದರವನ್ನಲ್ಲ. ದರ್ಜೆ ಮಾಡುವಾಗ ಜನಸಂಖ್ಯೆಯ ಜೊತೆಗೆ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ಇಡೀ ಕೊಡಗಿನಲ್ಲಿ ಐದೂವರೆ ಲಕ್ಷ ಜನ. ಇಷ್ಟು ಜನಕ್ಕೆ ದೊಡ್ಡ ಆಸ್ಪತ್ರೆಯವರು ಬಂದು ಬಂಡವಾಳ ಹಾಕುವುದಿಲ್ಲ. ಇರುವ ಸಣ್ಣವರು ಯೋಜನೆಗಳಿಂದ ಒಬ್ಬೊಬ್ಬರಾಗಿ ಹೊರಗೆ ಬಂದರೆ ಕಾರ್ಡ್ ಇದ್ದವರ ಕೈಯಲ್ಲಿ ಬರೀ ಕಾರ್ಡ್ ಉಳಿಯುತ್ತದೆ. ಕರಡು ಪ್ರಕಟಿಸಿ 30 ದಿನದಲ್ಲಿ ಆಕ್ಷೇಪಣೆ ಕಳಿಸಿ ಅನ್ನುವ ಬದಲು ನಿಮ್ಮ ಅಧಿಕಾರಿಗಳು ಒಂದು ದಿನ ಇಲ್ಲಿಗೆ ಬರಲಿ. ಮಡಿಕೇರಿಯಲ್ಲೋ, ಪೊನ್ನಂಪೇಟೆಯಲ್ಲೋ, ಕುಶಾಲನಗರದಲ್ಲೋ ಕೂತು ಡಾಕ್ಟರುಗಳನ್ನು, ಸಿಸ್ಟರ್‌ಗಳನ್ನು, ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು, ಆಂಬುಲೆನ್ಸ್ ಓಡಿಸುವವರನ್ನು ಕರೆಯಲಿ. ನನ್ನಂಥ ಬಿಲ್ ಮಾಡುವವರನ್ನೂ ಕರೆಯಲಿ. ಮಳೆಗಾಲದಲ್ಲೇ ಬಂದರೆ ಒಳ್ಳೆಯದು. ನಾನು ಹಸಿರು ದಾರದ ಫೈಲುಗಳನ್ನು ತರುತ್ತೇನೆ, ನಮ್ಮ ಲ್ಯಾಬಿನ ಹುಡುಗಿ ಆ ಪೆಟ್ಟಿಗೆಯನ್ನು ತರುತ್ತಾಳೆ.

'ಇತರೆ' ಅಂದರೆ ಏನು ಅಂತ ಕೇಳಿದ ಹವಾಲ್ದಾರರು ಈಗಲೂ ಪ್ರತಿ ತಿಂಗಳು ಬಿಪಿ ತೋರಿಸಲು ಬರುತ್ತಾರೆ. ಮನೆಯಲ್ಲಿ ಅವರ ಹೆಂಡತಿ ಈಗ ಹಾಸಿಗೆ ಹಿಡಿದಿದ್ದಾರೆ. ಮೈಸೂರಿಗೆ ಕರೆದುಕೊಂಡು ಹೋಗುವ ಸ್ಥಿತಿ ಇಲ್ಲ. ಕಳೆದ ಸೋಮವಾರ ಕೌಂಟರಿನ ಮುಂದೆ ನಿಂತು, ಕಾರ್ಡ್ ಜೇಬಿಗೆ ಹಾಕಿಕೊಳ್ಳುತ್ತಾ, "ಮುಂದಿನ ವರ್ಷವೂ ಇದು ಇಲ್ಲೇ ನಡೆಯುತ್ತದಲ್ವಾ ಅಮ್ಮ?" ಅಂದರು. ಯೋಜನೆಯ ಒಪ್ಪಂದ ನವೀಕರಣದ ಕಾಗದ ನಮ್ಮ ಡಾಕ್ಟರ್ ಟೇಬಲ್ ಮೇಲೇ ಇದೆ, ಇನ್ನೂ ಸಹಿಯಾಗಿಲ್ಲ. ಕೇಳಿ ಹೇಳುತ್ತೇನೆ ಅಂದಿದ್ದೇನೆ. ಮುಂದಿನ ತಿಂಗಳು ಅವರು ಮತ್ತೆ ಬರುತ್ತಾರೆ.

ಇಂತಿ,
ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವಳು
ದಕ್ಷಿಣ ಕೊಡಗು